ನಾಗಣ್ಣನ ಮನೆಯ ಡೀಸೆಲ್ ಡ್ರಮ್ಮು

ನಾನು ನಿಂತಿದ್ದದ್ದು ನಾಗಣ್ಣನ ಮನೆಯ ಹಿತ್ತಲಿನಲ್ಲಿ, ಡೀಸೆಲ್ ಡ್ರಮ್ಮಿನ ಎಡಕ್ಕೆ, ಎರಡು ಮಾರು ದೂರದಲ್ಲಿ. ನನ್ನ ಬೆನ್ನಿಗೆ ಟ್ರ್ಯಾಕ್ಟರಿನ ಮುಂದಿನ ಚಕ್ರ ತಾಗುತ್ತಿತ್ತು. ಊರು ನಂಜನಗೂಡು ತಾಲ್ಲೂಕಿನ ಬಿಳಿಗೆರೆ ಹೋಬಳಿಗೆ ಸೇರಿದ್ದು. ಈಗ್ಗೆ ಹನ್ನೆರಡು ವರ್ಷದ ಹಿಂದೆ, ನಾಲೆಗೆ ನೀರು ಬಿಟ್ಟ ಮೊದಲ ವಾರದ ಸೋಮವಾರ. ಹೊತ್ತು ಬೆಳಿಗ್ಗೆ ಒಂಬತ್ತೂವರೆಗೆ ಎರಡು ಮೂರು ನಿಮಿಷ ಕಡಿಮೆ. ಹತ್ತೂವರೆಗೆ ತಗಡೂರಿನಲ್ಲಿ ಇನ್ನೊಂದು ಗಾಡಿ ನನಗಾಗಿ ಕಾಯುತ್ತಿತ್ತು. ಹಾಗಾಗಿ ಗಡಿಯಾರ ನೋಡಿಕೊಂಡಿದ್ದೆ.

ಆ ಹೊತ್ತಿನಲ್ಲಿ ನಾಗಣ್ಣ ಡ್ರಮ್ಮಿನಿಂದ ಡೀಸೆಲ್ ತೆಗೆಯಲು ಪೈಪಿಗೆ ಬಾಯಿಟ್ಟು ಎಳೆದ. ಅಲ್ಲಿಂದ ಮುಂದಿನ ಇಪ್ಪತ್ತು ನಿಮಿಷದಲ್ಲಿ ಅವನ ಉಸಿರು ಕೆಟ್ಟಿತು. ಅದು ಮತ್ತೆ ಪೂರ್ತಿ ಸರಿಹೋಗಲಿಲ್ಲ. ಹಾಗಾದದ್ದು ಯಾರಿಂದ ಎಂಬುದಕ್ಕೆ ಆ ಊರಿನಲ್ಲಿ ಒಂದು ಮಾತಿದೆ. ಆ ಮಾತು ತಪ್ಪು. ಅದನ್ನು ತಿದ್ದಬೇಕಾದವನು ನಾನು. ಹೊಸದಾಗಿ ಈ ಕೆಲಸಕ್ಕೆ ಬರುವವರಿಗಾಗಿ ಬರೆಯುತ್ತಿದ್ದೇನೆ. ಆದರೆ ಅವರಿಗಾಗಿ ಮಾತ್ರವಲ್ಲ.

ನಾನು ಟ್ರ್ಯಾಕ್ಟರ್ ಮೆಕ್ಯಾನಿಕ್. ಹೆಸರು ಸಿದ್ದರಾಜು. ಮೂವತ್ತೊಂದು ವರ್ಷ ಒಂದೇ ವರ್ಕ್‌ಶಾಪಿನಲ್ಲಿ ದುಡಿದೆ. ಮೊದಲು ನಂಜನಗೂಡಿನಲ್ಲಿ, ಕೊನೆಯ ಎಂಟು ವರ್ಷ ಅದೇ ಮಾಲೀಕರ ತಿ. ನರಸೀಪುರದ ಶಾಖೆಯಲ್ಲಿ. ನಿವೃತ್ತನಾಗಿ ಮೂರು ವರ್ಷವಾಯಿತು. ವರ್ಕ್‌ಶಾಪಿನ ಒಳಗೆ ಕಲಿತದ್ದಕ್ಕಿಂತ ರೈತರ ಮನೆಯ ಹಿತ್ತಲಿನಲ್ಲಿ ಕಲಿತದ್ದು ಹೆಚ್ಚು. ಗದ್ದೆಯ ನಡುವೆ ನಿಂತ ಗಾಡಿಯನ್ನು ವರ್ಕ್‌ಶಾಪಿಗೆ ತರುವುದಕ್ಕಿಂತ ಮೆಕ್ಯಾನಿಕ್ಕೇ ಹೋಗುವುದು ಸುಲಭ.

ಟ್ರ್ಯಾಕ್ಟರ್ ಇರುವ ಮನೆಯಲ್ಲಿ ಡೀಸೆಲ್ ಇಟ್ಟುಕೊಳ್ಳುವುದು ನಮ್ಮ ಕಡೆ ಅಕ್ಕಿ ಇಟ್ಟುಕೊಂಡಷ್ಟೇ ಸಹಜ. ನಾಲೆಗೆ ನೀರು ಬಿಟ್ಟರೆ ಎಲ್ಲರ ಗದ್ದೆಗೂ ಒಂದೇ ವಾರ ಕೆಸರು ಹೊಡೆಯಬೇಕು. ಬೆಳಿಗ್ಗೆ ಐದಕ್ಕೆ ಗದ್ದೆಗೆ ಇಳಿದ ಗಾಡಿ ಡೀಸೆಲ್ಲಿಗೆಂದು ಬಂಕಿನವರೆಗೆ ಹೋಗಿ ಬರುವುದಕ್ಕೆ ಆಗುವುದಿಲ್ಲ. ಆದ್ದರಿಂದ ನೀರು ಬಿಡುವ ಮೊದಲೇ ಇನ್ನೂರು ಲೀಟರಿನ ಒಂದು ಡ್ರಮ್ಮು ಮನೆಗೆ ಬಂದು ಕೂತಿರುತ್ತದೆ. ಅದು ಎಲ್ಲಿ ಕೂರುತ್ತದೆ, ಹೇಗೆ ಕೂರುತ್ತದೆ ಎಂಬುದರ ಮೇಲೆ ಗಾಡಿಯ ಆರೋಗ್ಯ ನಿಂತಿದೆ ಎಂದು ನನಗೆ ತಿಳಿದದ್ದು ಒಂದು ದೊಡ್ಡ ಪೆದ್ದತನದಿಂದ.

ಕೆಲಸಕ್ಕೆ ಸೇರಿದ ಎರಡನೇ ವರ್ಷ. ಆಗ ತಿ. ನರಸೀಪುರದಲ್ಲಿ ನಮ್ಮ ಶಾಖೆ ಇರಲಿಲ್ಲ, ಆ ಕಡೆಯ ಗಾಡಿಗಳಿಗೂ ನಂಜನಗೂಡಿನಿಂದಲೇ ಹೋಗಬೇಕಿತ್ತು. ಹೊಳೆಯ ಆಚೆಯ ಒಂದು ಊರಿನಲ್ಲಿ ಚಿಕ್ಕಣ್ಣ ಎಂಬ ರೈತರ ಗಾಡಿ ಹತ್ತು ನಿಮಿಷ ಓಡಿ ನಿಲ್ಲುತ್ತಿತ್ತು. ನಾನು ಫಿಲ್ಟರ್ ಬಿಚ್ಚಿದೆ. ಫೀಡ್ ಪಂಪ್ ಬಿಚ್ಚಿದೆ. ನಾಝಲ್‌ಗಳನ್ನು ಬಿಚ್ಚಿದೆ. ಎರಡು ದಿನ ಅವರ ಮನೆಯಲ್ಲೇ ಉಂಡು ಅವರ ಗಾಡಿಯನ್ನು ಗೋಣಿಚೀಲದ ಮೇಲೆ ಹರಡಿದೆ. ಮತ್ತೆ ಜೋಡಿಸಿದರೆ ಮತ್ತೆ ಹತ್ತೇ ನಿಮಿಷ.

ಮೂರನೆಯ ದಿನ ನಮ್ಮ ಫೋರ್‌ಮನ್ ಶ್ರೀಕಂಠಯ್ಯನವರು ಬಸ್ಸಿನಲ್ಲಿ ಬಂದು ಇಳಿದರು. ಕೈಯಲ್ಲಿ ಕೊಡೆ ಬಿಟ್ಟರೆ ಬೇರೆ ಏನೂ ಇರಲಿಲ್ಲ, ಒಂದು ಸ್ಪ್ಯಾನರ್ ಕೂಡ ಇಲ್ಲ. ಗಾಡಿಯ ಕಡೆ ನೋಡದೆ ಕೇಳಿದರು.

"ಡೀಸೆಲ್ ಎಲ್ಲಿಟ್ಟಿದ್ದೀರಿ ಚಿಕ್ಕಣ್ಣ?"

ಡ್ರಮ್ಮು ಮನೆಯ ಸೂರಿನ ಕೆಳಗೆ ನೆಟ್ಟಗೆ ನಿಂತಿತ್ತು. ಹೆಂಚಿನಿಂದ ಇಳಿದ ಮಳೆನೀರು ನೇರ ಅದರ ತಲೆಯ ಮೇಲೆ ಬಿದ್ದು, ಅಂಚಿನ ಒಳಗೆ ನಿಂತು, ಬಿರಡೆಯ ಸಂದಿನಲ್ಲಿ ನಿಧಾನವಾಗಿ ಒಳಗೆ ಹೋಗುತ್ತಿತ್ತು. ಶ್ರೀಕಂಠಯ್ಯನವರು ಡ್ರಮ್ಮಿನ ತಳದಿಂದ ಒಂದು ಗಾಜಿನ ಬಾಟಲಿಗೆ ಡೀಸೆಲ್ ತೆಗೆಸಿ ಜಗಲಿಯ ಮೇಲೆ ಇಟ್ಟರು. ಕಾಫಿ ಕುಡಿದು ಮುಗಿಸುವ ಹೊತ್ತಿಗೆ ಬಾಟಲಿಯಲ್ಲಿ ಕೆಳಗೆ ಅರ್ಧ ನೀರು, ಮೇಲೆ ಅರ್ಧ ಡೀಸೆಲ್ಲು.

"ಬಂಕ್ನೋನ್ ಮೋಸ ಮಾಡ್ಬುಟ್ಟ ಅಂತ ಊರೆಲ್ಲ ಸಾರ್ಕಂಡು ಬಂದಿವ್ನಿ ಸಾ," ಅಂದರು ಚಿಕ್ಕಣ್ಣ. "ನಮ್ಮನೆ ಸೂರೇ ಮಾಡದಾ ಈ ಕೆಲ್ಸವ?"

ವಾಪಸು ಬರುವಾಗ ಬಸ್ಸಿನಲ್ಲಿ ಶ್ರೀಕಂಠಯ್ಯನವರು ನನ್ನನ್ನು ಬೈಯಲಿಲ್ಲ. "ಗಾಡಿ ನಿಂತರೆ ಮೊದಲು ಗಾಡಿ ಬಿಚ್ಚಬೇಡ ಕಣಯ್ಯ. ಅದು ಏನು ಕುಡಿದಿದೆ ನೋಡು," ಎಂದರು. ಇನ್ನೊಂದು ಮಾತನ್ನೂ ಅವರು ಸದಾ ಹೇಳುತ್ತಿದ್ದರು. ನಾವು ಪ್ರತಿ ಕೆಲಸಕ್ಕೂ ಜಾಬ್ ಕಾರ್ಡ್ ಬರೆಯಬೇಕಿತ್ತು. ಅದರಲ್ಲಿ ಕಂಡದ್ದನ್ನು ಮಾತ್ರ ಬರೆಯಬೇಕು, ಕಂಡದ್ದನ್ನೆಲ್ಲ ಬರೆಯಬೇಕು ಎಂದು. ಆ ಮಾತಿನ ಮೊದಲ ಅರ್ಧವನ್ನು ನಾನು ಕೊನೆಯವರೆಗೆ ಪಾಲಿಸಿದೆ.

ಅಂದಿನಿಂದ ಯಾವ ಮನೆಗೆ ಹೋದರೂ ಮೊದಲು ಡ್ರಮ್ಮು ನೋಡುವುದು ಅಭ್ಯಾಸವಾಯಿತು. ಒಂದು ಮನೆಯಲ್ಲಿ ಅದು ಬಚ್ಚಲಿನೊಳಗೆ, ಹಂಡೆಯ ಒಲೆಯಿಂದ ಮೂರು ಅಡಿ ದೂರದಲ್ಲಿತ್ತು. ಒಲೆ ಉರಿಯುತ್ತಿತ್ತು. ಇಲ್ಲಿ ಯಾಕೆ ಇಟ್ಟಿರಿ ಎಂದೆ. "ಚಳಿಗಾಲ ಅಲ್ವಾ, ಬೆಚ್ಚಗಿದ್ರೆ ಗಾಡಿ ಬೇಗ ಸ್ಟಾರ್ಟಾಯ್ತದೆ," ಎಂದ ಯಜಮಾನ. ಅವನ ಹೆಂಡತಿ ಒಳಗಿನಿಂದ, "ನಾ ಸ್ನಾನಕ್ ಬಿಸ್ನೀರ್ ಕೇಳುದ್ರೆ ಸೌದೆ ಇಲ್ಲ ಅಂತರೆ, ಡೀಸೆಲ್ಗೆ ಮಾತ್ರ ದಿನಾ ಬೆಚ್ಚಗೆ," ಎಂದಳು. ನಾವು ಮೂವರೂ ಸೇರಿ ಆ ಡ್ರಮ್ಮನ್ನು ಉರುಳಿಸಿ ಹಿತ್ತಲಿನ ಚಪ್ಪರದ ಕೆಳಗೆ ಇಟ್ಟೆವು. ನೆರಳಿರಬೇಕು, ಮಳೆ ಬೀಳಬಾರದು, ಬೆಂಕಿ ಹತ್ತಿರವಿರಬಾರದು, ಬಿರಡೆ ಭದ್ರವಾಗಿರಬೇಕು, ತಳದ ನಾಲ್ಕು ಬೆರಳು ಡೀಸೆಲ್ಲನ್ನು ಗಾಡಿಗೆ ಹಾಕಬಾರದು. ಡ್ರಮ್ಮಿನ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟು. ಇಷ್ಟನ್ನು ನೂರಾರು ಮನೆಗಳಲ್ಲಿ ಹೇಳಿದೆ.

ಹೇಳದೆ ಇದ್ದದ್ದು ಡ್ರಮ್ಮಿನಿಂದ ಡೀಸೆಲ್ ತೆಗೆಯುವ ಬಗ್ಗೆ.

ಆಗ ಎಲ್ಲರೂ ತೆಗೆಯುತ್ತಿದ್ದದ್ದು ಬಾಯಿಂದ. ಡ್ರಮ್ಮನ್ನು ಎರಡು ಸೈಜುಗಲ್ಲಿನ ಮೇಲೆ ಇಟ್ಟಿರುತ್ತಾರೆ. ಪೈಪಿನ ಒಂದು ತುದಿ ಡ್ರಮ್ಮಿನೊಳಗೆ, ಇನ್ನೊಂದು ತುದಿ ಬಾಯಲ್ಲಿ. ಉಸಿರು ಎಳೆದರೆ ಡೀಸೆಲ್ ಏರಿ ಬರುತ್ತದೆ, ಬಂದ ಕೂಡಲೇ ಪೈಪನ್ನು ಕೆಳಗಿರುವ ಕ್ಯಾನಿಗೆ ಬಿಡಬೇಕು, ಆಮೇಲೆ ತಾನೇ ಹರಿಯುತ್ತದೆ. ಇದಕ್ಕೆ ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಲೆವೆಲ್ ಪೈಪು ಒಳ್ಳೆಯದು. ಅದು ಗಾಜಿನ ಹಾಗೆ ಒಳಗಿನದನ್ನು ತೋರಿಸುತ್ತದೆ, ಡೀಸೆಲ್ ಎಲ್ಲಿಯವರೆಗೆ ಬಂತು ಎಂದು ಕಣ್ಣಿಗೆ ಕಾಣುತ್ತದೆ. ನಾನು ಸಾವಿರ ಸಲ ಹಾಗೆ ಎಳೆದಿದ್ದೇನೆ. ಒಮ್ಮೊಮ್ಮೆ ಒಂದು ತೊಟ್ಟು ನಾಲಿಗೆಗೆ ತಾಗುತ್ತಿತ್ತು. ಆ ದಿನ ಉಂಡದ್ದೆಲ್ಲ ಡೀಸೆಲ್ ವಾಸನೆ. ಅಷ್ಟೇ ಎಂದುಕೊಂಡಿದ್ದೆ.

ವರ್ಕ್‌ಶಾಪಿನಲ್ಲಿ ಕೈಯಲ್ಲಿ ತಿರುಗಿಸುವ ಪಂಪುಗಳು ಎರಡಿದ್ದವು. ಶ್ರೀಕಂಠಯ್ಯನವರೇ ತರಿಸಿದ್ದು. ಎರಕದ ಕಬ್ಬಿಣದವು, ಭಾರ. ಬೈಕಿನ ಹಿಂದೆ ಕಟ್ಟಿಕೊಂಡು ಹೋದರೆ ಹಳ್ಳ ಬಿದ್ದ ರಸ್ತೆಯಲ್ಲಿ ಬೆನ್ನಿಗೆ ಬಡಿಯುತ್ತಿತ್ತು. ಅವತ್ತು ಸೋಮವಾರ ಅವೆರಡೂ ಬೆಂಚಿನ ಕೆಳಗೆ ಇದ್ದವು. ನಾನು ನೋಡಿದೆ, ತೆಗೆದುಕೊಳ್ಳಲಿಲ್ಲ.

ನಾಗಣ್ಣನಿಗೆ ಆಗ ಮೂವತ್ತೆಂಟು ವರ್ಷವಿರಬಹುದು. ಎರಡೂವರೆ ಎಕರೆ ಗದ್ದೆ, ಒಂದು ಟ್ರ್ಯಾಕ್ಟರು. ಊರಿನ ಅರ್ಧ ಗದ್ದೆಗೆ ಅವನ ಗಾಡಿಯೇ ಕೆಸರು ಹೊಡೆಯುತ್ತಿತ್ತು. ಹಿಂದಿನ ಸಂಜೆ ಟ್ಯಾಂಕ್ ಪೂರ್ತಿ ಖಾಲಿಯಾಗುವವರೆಗೆ ಓಡಿಸಿ ಹಿತ್ತಲಿಗೆ ತಂದಿದ್ದ. ಅಲ್ಲೇ ನಿಂತುಬಿಟ್ಟಿತ್ತು. ಪೈಪುಗಳಿಗೆ ಗಾಳಿ ಹೊಕ್ಕಿತ್ತು. ಗಾಳಿ ತೆಗೆದು ಕೊಡಲು ನಾನು ಹೋಗಿದ್ದೆ. ಅದಕ್ಕೆ ಮೊದಲು ಟ್ಯಾಂಕಿಗೆ ಡೀಸೆಲ್ ಬೇಕು.

ಅವನ ತಾಯಿ ದೊಡ್ಡತಾಯಮ್ಮ ನನಗೆ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕೊಟ್ಟರು. ಆಮೇಲೆ ಎಲೆ ಅಡಿಕೆ. ಅದನ್ನು ಬಾಯಿಗೆ ಹಾಕಿಕೊಂಡು ಹಿತ್ತಲಿಗೆ ಬಂದೆ. ಪಕ್ಕದ ಗದ್ದೆಯ ರಾಚಪ್ಪ ಹಿತ್ತಲಿನ ಕಟ್ಟೆಯ ಮೇಲೆ ಕೂತಿದ್ದ. ನಾಗಣ್ಣನದು ಮುಗಿದರೆ ಮುಂದಿನ ಸರದಿ ಅವನದು.

"ಲೇ ನಾಗ, ಬಿರ್ರನೆ ಎಳ್ದು ಉಯ್ಯೋ. ನೀನು ಗಾಡಿ ಕಟ್ಕಂಡು ಕುಂತ್ರೆ ನನ್ನ ಸಸಿ ಮಡೀಲೇ ತೆನೆ ಬುಟ್ಟಾವು," ಎಂದ ರಾಚಪ್ಪ.

"ನಿನ್ನ ಬಾಯ್ ಇಟ್ರೆ ಡ್ರಮ್ಮೇ ಖಾಲಿ ಆಯ್ತದೆ, ಬಾ ನೀನೇ ಎಳಿ," ಎಂದ ನಾಗಣ್ಣ.

ನಾನು ಎಳೆಯುತ್ತೇನೆ ಎಂದು ಮುಂದೆ ಬಂದೆ. ಸಾಮಾನ್ಯವಾಗಿ ಎಳೆಯುತ್ತಿದ್ದವನು ನಾನೇ.

"ಬುಡಿ ಸಿದ್ರಾಜಣ್ಣ, ಬಾಯ್ತುಂಬ ಎಲಡ್ಕೆ ಐತೆ. ಅದ್ನ ಯಾಕ್ ಉಗೀತೀರಿ, ಅವ್ವ ಕೊಟ್ಟಿರದು. ನಾನೇ ಎಳೀತೀನಿ."

ಅವನ ಕೈಯಲ್ಲಿದ್ದ ಪೈಪನ್ನು ಆಗ ನೋಡಿದೆ. ಲೆವೆಲ್ ಪೈಪಲ್ಲ. ತೋಟಕ್ಕೆ ಹಾಕುವ ಡ್ರಿಪ್ಪಿನ ಕರಿ ಪೈಪು. ಲೆವೆಲ್ ಪೈಪನ್ನು ಗಾರೆ ಕೆಲಸದವನೊಬ್ಬ ಒಯ್ದಿದ್ದನಂತೆ, ಆಮೇಲೆ ತಿಳಿಯಿತು. ಕರಿ ಪೈಪಿನಲ್ಲಿ ಡೀಸೆಲ್ ಬರುವುದು ಕಾಣುವುದಿಲ್ಲ. ನಾನು ಅದನ್ನು ನೋಡಿ ಸುಮ್ಮನಿದ್ದೆ.

ಮೊದಲ ಸಲ ಎಳೆದ, ಬರಲಿಲ್ಲ. ಎರಡನೆಯ ಸಲ ಎದೆ ತುಂಬ ಉಸಿರು ಎಳೆದ. ಡೀಸೆಲ್ ಒಂದೇ ಸಲಕ್ಕೆ ಬಂತು. ಪೈಪು ಬಿಟ್ಟು ಎರಡೂ ಕೈಯಲ್ಲಿ ಕತ್ತು ಹಿಡಿದುಕೊಂಡು ಕೆಮ್ಮಿದ. ಕೆಮ್ಮು ನಿಲ್ಲಲಿಲ್ಲ. ಒಂದು ಮಾತು ಮಾತ್ರ ಹೇಳಿದ, "ನುಂಗ್ಬುಟ್ಟೆ ಅಣ್ಣ."

ನಮ್ಮ ಕಡೆ ಯಾರಾದರೂ ಗದ್ದೆಗೆ ಹೊಡೆಯುವ ಔಷಧಿ ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ನಾನೇ ಎರಡು ಸಲ ಕಂಡಿದ್ದೆ. ಹೊಟ್ಟೆಗೆ ಹೋದ ಕೆಟ್ಟದ್ದು ಹೊರಗೆ ಬರಬೇಕು ಎಂಬುದೊಂದೇ ನನ್ನ ತಲೆಯಲ್ಲಿತ್ತು. ಬಾಗಿಲಿಗೆ ಬಂದಿದ್ದ ದೊಡ್ಡತಾಯಮ್ಮನವರಿಗೆ ನಾನು ಹೇಳಿದ ಮಾತು ಇದು: "ಅವ್ವಾ, ಉಪ್ಪುನೀರು ತನ್ನಿ. ಗಟ್ಟಿಯಾಗಿ ಕಲಸಿ, ಒಂದು ಚೊಂಬು."

"ಕುಡಿಸ್ಬೋದಾ?" ಎಂದು ಅವರು ಒಂದು ಸಲ ಕೇಳಿದರು.

"ಕುಡಿಸಬೇಕು," ಎಂದೆ.

ತಂದರು. ನಾನು ತಲೆ ಹಿಡಿದೆ, ಅವರು ಕುಡಿಸಿದರು. ಚೊಂಬಿನ ಮುಕ್ಕಾಲು ಹೋಯಿತು. ಅವನು ಮೂರು ಸಲ ವಾಂತಿ ಮಾಡಿದ. ವಾಂತಿಯಲ್ಲಿ ಡೀಸೆಲ್ ಕಂಡು ನನಗೆ ಸಮಾಧಾನವಾಯಿತು. ಇದನ್ನೂ ಬರೆಯಬೇಕು. ಸಮಾಧಾನವಾಯಿತು. ಆಮೇಲೆ ಅವನ ತುಟಿ ನೋಡಿದೆ, ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು.

ರಾಚಪ್ಪ ಓಡಿ ಗೂಡ್ಸ್ ಆಟೋ ತಂದ. ನಂಜನಗೂಡಿನ ಆಸ್ಪತ್ರೆಗೆ ಹೋಗುವಷ್ಟರಲ್ಲಿ ನಾಗಣ್ಣನ ಎದೆಯಲ್ಲಿ ನೀರು ಕುದಿಯುವ ಹಾಗೆ ಸದ್ದು. ಡಾಕ್ಟರು ಚಿಕ್ಕ ವಯಸ್ಸಿನವರು. ಅವರ ಮೊದಲ ಪ್ರಶ್ನೆ, "ಏನು ಕುಡಿದಿದ್ದಾರೆ?" ಡೀಸೆಲ್ ಎಂದೆ. ಎರಡನೆಯ ಪ್ರಶ್ನೆ, "ವಾಂತಿ ಆಯ್ತಾ?" ಉಪ್ಪುನೀರು ಕುಡಿಸಿದ ಮೇಲೆ ಆಯಿತು ಎಂದಳು ಅವನ ಹೆಂಡತಿ ಜಯಮ್ಮ.

ಡಾಕ್ಟರು ಕೈ ನಿಲ್ಲಿಸದೆ ಹೇಳಿದರು. "ಡೀಸೆಲ್ ಹೊಟ್ಟೆಯಲ್ಲಿದ್ದರೆ ಅಷ್ಟು ಭಯವಿಲ್ಲಮ್ಮ. ಶ್ವಾಸಕೋಶಕ್ಕೆ ಹೋದರೆ ಸುಡುತ್ತೆ. ಎಳೆದಾಗ ಸ್ವಲ್ಪ ಹೋಗಿತ್ತು, ವಾಂತಿ ಮಾಡಿಸಿದಾಗ ಇನ್ನಷ್ಟು ಹೋಯ್ತು. ಕುಡಿಸಿದ್ದು ಯಾರು?"

ನಾನು ಮಂಚದ ಕಾಲಿನ ಕಡೆ ನಿಂತಿದ್ದೆ. ದೊಡ್ಡತಾಯಮ್ಮ ನನ್ನ ಬಲಕ್ಕೆ, ಒಂದು ಮೊಳ ದೂರ.

"ನಾನು ಕಣಪ್ಪ," ಎಂದರು ಅವರು. "ನಾನೇ ಕುಡಿಸ್ದೆ."

ಜಯಮ್ಮ ತಿರುಗಿ ಅತ್ತೆಯನ್ನು ನೋಡಿದಳು. ಹೇಳಿದವನು ನಾನು ಎನ್ನಲು ಆಗ ಬೇಕಾದಷ್ಟು ಸಮಯವಿತ್ತು. ನಾನು ಹೇಳಲಿಲ್ಲ.

ನಾಗಣ್ಣನನ್ನು ಮೈಸೂರಿಗೆ ಕಳಿಸಿದರು. ಹದಿನೆಂಟು ದಿನ ಅಲ್ಲಿದ್ದು ಬದುಕಿ ಬಂದ. ಅವತ್ತು ಸಂಜೆ ನಾನು ವರ್ಕ್‌ಶಾಪಿಗೆ ಹೋಗಿ ಜಾಬ್ ಕಾರ್ಡ್ ಬರೆದೆ. "ಡೀಸೆಲ್ ಖಾಲಿಯಾಗಿ ಏರ್ ಹಿಡಿದಿದೆ. ಪಾರ್ಟಿಗೆ ಹುಷಾರಿಲ್ಲದ ಕಾರಣ ಕೆಲಸ ಮುಗಿದಿಲ್ಲ." ಶ್ರೀಕಂಠಯ್ಯನವರು ಆ ವರ್ಷ ನಿವೃತ್ತರಾಗುವವರಿದ್ದರು. ಕಾರ್ಡನ್ನು ಎರಡು ಸಲ ಓದಿದರು.

"ಇಷ್ಟೇನಾ?" ಎಂದರು.

"ಇಷ್ಟೇ ಸರ್."

ಕನ್ನಡಕ ತೆಗೆದು ನನ್ನನ್ನು ನೋಡಿ ಸಹಿ ಹಾಕಿದರು. ಮಾರನೆಯ ವರ್ಷ ತಿ. ನರಸೀಪುರದ ಶಾಖೆ ಶುರುವಾದಾಗ ನಾನು ಕೇಳಿಕೊಂಡು ವರ್ಗ ಪಡೆದೆ. ಮನೆಗೆ ಹತ್ತಿರ ಎಂದು ಎಲ್ಲರಿಗೂ ಹೇಳಿದೆ. ಬಿಳಿಗೆರೆಯ ರಸ್ತೆ ತಪ್ಪುತ್ತದೆ ಎಂಬುದು ನಿಜವಾದ ಕಾರಣ.

ಅಲ್ಲಿ ಹೋದ ಮೇಲೆ ನಾನು ಬದಲಾದೆ ಎಂದು ನನ್ನ ಕೈಕೆಳಗೆ ದುಡಿದವರು ಹೇಳುತ್ತಾರೆ. ಕೈಪಂಪು ಇಲ್ಲದೆ ಯಾರೂ ಗೇಟು ದಾಟುವಂತಿರಲಿಲ್ಲ. ಮರೆತು ಹೋದವರನ್ನು ಅರ್ಧ ದಾರಿಯಿಂದ ವಾಪಸು ಕರೆಸಿದ್ದೇನೆ. ಆಮೇಲೆ ಬ್ಯಾಟರಿಗೆ ಸಿಕ್ಕಿಸುವ ಚಿಕ್ಕ ಪಂಪುಗಳು ಬಂದವು. ಗಾಡಿಯ ಬ್ಯಾಟರಿಯಿಂದಲೇ ಓಡುತ್ತವೆ, ಡ್ರಮ್ಮಿನಿಂದ ನೇರ ಟ್ಯಾಂಕಿಗೆ ಹೋಗುತ್ತದೆ. ಕಬ್ಬಿಣದ ಸ್ಟ್ಯಾಂಡಿನ ಮೇಲೆ ಡ್ರಮ್ಮನ್ನು ಮಲಗಿಸಿ ನಲ್ಲಿ ಹಾಕಿಸಿಕೊಂಡವರೂ ಇದ್ದಾರೆ. ಒಳ್ಳೆಯ ಕ್ರಮ. ಆದರೆ ಈಗಲೂ ಪಂಪು ಕೆಟ್ಟ ದಿನ ಕೈ ಹೋಗುವುದು ಪೈಪಿಗೆ, ಪೈಪು ಹೋಗುವುದು ಬಾಯಿಗೆ. ಎಳೆಯಬೇಡಿ. ಯಾರಾದರೂ ಎಳೆದು ನುಂಗಿದರೆ ವಾಂತಿ ಮಾಡಿಸಬೇಡಿ. ಕೂರಿಸಿ, ಮುಂದಕ್ಕೆ ಬಾಗಿಸಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬೇರೆ ಏನೂ ಮಾಡಬೇಡಿ.

ರಾಚಪ್ಪ ಒಮ್ಮೆ ತಿ. ನರಸೀಪುರದ ಸಂತೆಗೆ ಬಂದಾಗ ಸಿಕ್ಕಿದ. ಕಾಫಿ ಕುಡಿಯುತ್ತ ಊರಿನ ಸುದ್ದಿ ಹೇಳಿದ. ನಾಗಣ್ಣ ನೂರು ಹೆಜ್ಜೆ ನಡೆದರೆ ಕೂರಬೇಕು. ಹುಲ್ಲಿನ ಧೂಳು ಆಗುವುದಿಲ್ಲ. ಗಾಡಿಯನ್ನು ಈಗ ಜಯಮ್ಮನೇ ಓಡಿಸುತ್ತಾಳೆ, ಕೆಸರು ಹೊಡೆಯುವುದರಲ್ಲಿ ಗಂಡನಿಗಿಂತ ಹುಷಾರು. ದೊಡ್ಡತಾಯಮ್ಮ ಅಡುಗೆ ಮಾಡುತ್ತಾರೆ, ಆದರೆ ಉಪ್ಪು ಮುಟ್ಟುವುದಿಲ್ಲ. ಎಲ್ಲ ಬೇಯಿಸಿ ಇಳಿಸಿ ಸೊಸೆಯನ್ನು ಕರೆಯುತ್ತಾರೆ, ಉಪ್ಪು ಅವಳೇ ಹಾಕಬೇಕು. ತಾಯಿಯೇ ಮಗನ ಉಸಿರು ಕೆಡಿಸಿದಳು ಎಂದು ಊರಿನ ಹೆಂಗಸರು ನೀರು ಹಿಡಿಯುವ ಕಡೆ ಆಡಿಕೊಳ್ಳುತ್ತಾರೆ.

"ಆವತ್ತು ಯೋಳಿದ್ದು ನೀನು ಅಲ್ವಾ ಸಿದ್ರಾಜಣ್ಣ?" ಎಂದ.

"ನೀನು ಯಾಕೆ ಯಾರಿಗೂ ಹೇಳಲಿಲ್ಲ?" ಎಂದೆ.

"ನಾ ಯೋಳಿದ್ರೆ ಚಾಡಿ ಆಯ್ತದೆ. ನೀ ಯೋಳಿದ್ರೆ ಸತ್ಯ ಆಯ್ತದೆ. ಅದ್ಕೆ ನಿನ್ಗೇ ಬುಟ್ಟಿವ್ನಿ."

ಅದಾಗಿ ಆರು ವರ್ಷ ನಾನು ಸುಮ್ಮನಿದ್ದೆ.

ಹೋದ ತಿಂಗಳು ವರ್ಕ್‌ಶಾಪಿನವರು ಹೊಸಬರಿಗೆ ಎರಡು ಮಾತು ಹೇಳಲು ನನ್ನನ್ನು ಕರೆದಿದ್ದರು. ಡೀಸೆಲ್ ನುಂಗಿದವರಿಗೆ ವಾಂತಿ ಮಾಡಿಸಬಾರದು ಎಂದೆ. "ನಿಮಗೆ ಹೇಗೆ ಗೊತ್ತು ಸರ್?" ಎಂದು ಒಬ್ಬರು ಕೇಳಿದರು. "ಡಾಕ್ಟರು ಹೇಳಿದರು," ಎಂದೆ. ಅದು ಸುಳ್ಳಲ್ಲ. ಜಾಬ್ ಕಾರ್ಡಿನಲ್ಲಿ ಬರೆದದ್ದೂ ಸುಳ್ಳಾಗಿರಲಿಲ್ಲ.

ಮುಂದಿನ ಭಾನುವಾರ ಬಸ್ಸು ಹತ್ತಿ ಆ ಊರಿಗೆ ಹೋದೆ. ನಾಗಣ್ಣ ಜಗಲಿಯ ಮೇಲೆ ಕೂತಿದ್ದ. "ಬನ್ನಿ ಅಣ್ಣ," ಎಂದು ಎರಡು ಉಸಿರಿನಲ್ಲಿ ಹೇಳಿದ. ದೊಡ್ಡತಾಯಮ್ಮ ಕಂಬಕ್ಕೆ ಒರಗಿ ಅವರೆಕಾಯಿ ಸುಲಿಯುತ್ತಿದ್ದರು. ಜಯಮ್ಮ ಬಾಗಿಲಿನಲ್ಲಿದ್ದಳು. ಮೂವರೂ ಇರುವಾಗಲೇ ಹೇಳಿದೆ. ಉಪ್ಪುನೀರು ತರಲು ಹೇಳಿದವನು ನಾನು, ಕುಡಿಸಬಹುದಾ ಎಂದು ಅವ್ವ ಕೇಳಿದ್ದರು, ಕುಡಿಸಬೇಕು ಎಂದವನು ನಾನು.

ನಾಗಣ್ಣ, "ನಂಗೆ ಚೊಂಬು ಒಂದೇ ನೆನಪು ಅಣ್ಣ," ಎಂದ. ಇನ್ನೊಂದು ಉಸಿರು ಎಳೆದುಕೊಂಡು, "ನೀವು ತಲೆ ಇಡ್ಕಂಡಿದ್ರಿ, ಅದೂ ನೆನಪು," ಎಂದ.

ದೊಡ್ಡತಾಯಮ್ಮ ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಡಾಕ್ಟ್ರು ಕುಡಿಸ್ದೋರ್ ಯಾರು ಅಂದ್ರು. ಕುಡಿಸ್ದೋಳು ನಾನೇ ಅಲ್ವಾ? ಯೋಳ್ದೋರ್ ಯಾರು ಅಂತ ಅವ್ರು ಕೇಳ್ನಿಲ್ಲ," ಎಂದರು. ಆಮೇಲೆ ತಲೆ ಎತ್ತಿ, "ನೀನಾದ್ರೂ ಯೋಳ್ಬೋದಾಗಿತ್ತು ಕಣಪ್ಪ," ಎಂದರು.

ಜಯಮ್ಮ ಒಳಗೆ ಹೋಗಿ ಲೋಟದಲ್ಲಿ ಮಜ್ಜಿಗೆ ತಂದಳು. ಇನ್ನೊಂದು ಕೈಯಲ್ಲಿ ಉಪ್ಪಿನ ಜಾಡಿ. ಜಾಡಿಯನ್ನು ಅತ್ತೆಯ ಮುಂದೆ ಇಟ್ಟಳು. "ನೀವೇ ಆಕಿ ಅತ್ತೆಮ್ಮ," ಎಂದಳು.

ದೊಡ್ಡತಾಯಮ್ಮ ಸೆರಗಿಗೆ ಕೈ ಒರೆಸಿಕೊಂಡು ಜಾಡಿ ಹಿಡಿದರು. ಆಮೇಲೆ ಸೊಸೆಯ ಕಡೆಗೆ ಸರಿಸಿದರು. "ನೀನೇ ಆಕವ್ವ. ನಂಗೆ ಅಳತೆ ಮರ್ತೋಗದೆ."

ಅವತ್ತು ಹಿತ್ತಲಿನಲ್ಲಿ ನಡೆದದ್ದನ್ನು ಕಂಡವರಲ್ಲಿ ನನ್ನನ್ನು ಬಿಟ್ಟು ಮೂವರು ಈಗಲೂ ಇದ್ದಾರೆ. ಒಬ್ಬ ರಾಚಪ್ಪ. ಕಟ್ಟೆಯ ಮೇಲಿದ್ದ, ನನ್ನ ಮಾತನ್ನು ಕೇಳಿದ್ದಾನೆ. ಇನ್ನೊಬ್ಬ ನಾಗಣ್ಣ. ಮತ್ತೊಬ್ಬರು ದೊಡ್ಡತಾಯಮ್ಮ. ಕಣ್ಣು ಮಂಜಾಗಿದೆ, ನೆನಪು ಚೆನ್ನಾಗಿದೆ. ಜಯಮ್ಮನನ್ನು ನಾನು ಈ ಲೆಕ್ಕಕ್ಕೆ ಸೇರಿಸಿಲ್ಲ. ಅವಳು ಕೊಟ್ಟಿಗೆಯಿಂದ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳು ಕಂಡದ್ದು ಅತ್ತೆಯ ಕೈಯಲ್ಲಿದ್ದ ಚೊಂಬು ಮಾತ್ರ.